ಮೂತಿ ಎತ್ತಿದ ಕಾರು

ಅಂಕೋಲೆಯ ದೇವಿದಾಸರು ಫೋನಿನಲ್ಲಿ ಆಡಿದ ಮಾತು ಮೆಕ್ಯಾನಿಕ್ ಮಾಸ್ತಿಯ ಮೈ ಉರಿಸಿಬಿಟ್ಟಿತು.

"ಏನ್ ಮಾಸ್ತಿ, ನನ್ನ ಸ್ಪೋರ್ಟ್ಸ್ ಕಾರಿಗೆ ಜೀಪಿನ ಸ್ಪ್ರಿಂಗ್ ಹಾಕಿ ಕಳಿಸಿದ್ಯಲ್ಲ! ಮೂತಿ ಆಕಾಶ ನೋಡ್ತದೆ. ಇವತ್ತೇ ಇಲ್ಲಿಯ ಗ್ಯಾರೇಜಿನ ಜಟ್ಟಿ ಹತ್ರ ಸ್ಪ್ರಿಂಗಿನ ಒಂದೊಂದು ಸುತ್ತು ಕತ್ತರಿಸಿ ಹಾಕಿಸ್ತೇನೆ."

"ಕತ್ತರಿಸೂದಾ? ಕೈ ಹಚ್ಚಬೇಡಿ. ನಾ ಬಂದೆ."

ಬಿಣಗಾದ ಗ್ಯಾರೇಜಿಗೆ ಬೀಗ ಜಡಿದು ಮಾಸ್ತಿ ಸಿಕ್ಕಿದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಳಗೇ ಕುದಿಯುತ್ತಿದ್ದ. ಜೀಪಿನದಂತೆ! ಆ ಎರಡು ಸೀಟಿನ ಹಳೇ ಇಂಗ್ಲಿಷ್ ಕಾರಿನ ಮುಂದಿನ ಸ್ಪ್ರಿಂಗ್ ಆರಿಸಲು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದ. ದೇವಿದಾಸರು ಹಳೆಯದನ್ನೇ ಟೇಪಿನಲ್ಲಿ ಅಳೆದು, ಇಷ್ಟೇ ಉದ್ದ ಬೇಕೆಂದು ಚೀಟಿ ಕೊಟ್ಟಿದ್ದರು. ಐವತ್ತು ವರ್ಷದಲ್ಲಿ ಕುಸಿದು ಕೂತ ಸ್ಪ್ರಿಂಗಿನ ಅಳತೆ! ಅವರ ತಂದೆಯ ಕಾಲದಿಂದ ಕಾರು ಮೂತಿ ತಗ್ಗಿಸಿಯೇ ಓಡಾಡಿತ್ತು. ಊರಿಗೆಲ್ಲ ಅದೇ ಅದರ ರೂಪ. ಮುಂಬೈ ಅಂಗಡಿಯಲ್ಲಿ ರೇಸಿನವರು ಹಾಕುವ ಗಿಡ್ಡ, ಗಟ್ಟಿ ಜೋಡಿಯೂ ಇತ್ತು. ನಮ್ಮ ಹೆದ್ದಾರಿಯ ಹೊಂಡಕ್ಕೆ ಅದು ಆಗದೆಂದು ಬಿಟ್ಟಿದ್ದ. ಕಾರಿನ ಪುಸ್ತಕ ಹುಡುಕಿಸಿ, ತಂತಿಯ ದಪ್ಪ, ಸುತ್ತು, ಹೊರುವ ಭಾರ ಎಲ್ಲ ತಾಳೆ ನೋಡಿಯೇ ತರಿಸಿದ್ದ.

ಜಟ್ಟಿಯ ಗ್ಯಾರೇಜಿನೆದುರು ಏಳೆಂಟು ಜನ ಸೇರಿದ್ದರು.

"ಬಾ, ನೋಡು ನಿನ್ನ ಕುದುರೆ! ಎದ್ದು ನಿಂತದೆ," ಎಂದರು ದೇವಿದಾಸರು. ಎಲ್ಲರೂ ನಕ್ಕರು.

"ದೇವಿದಾಸಣ್ಣ, ಕಣ್ಣಿಗೆ ಕಾಣೂದಿಲ್ಲ ಅಂದ್ರೆ ಹಳೇ ಕನ್ನಡಕ ತೋರಿಸಿ ಅಂಥದ್ದೇ ಕೊಡು ಅಂತ್ರಾ? ಕತ್ತರಿಸಿದ ಸ್ಪ್ರಿಂಗ್ ಕೂತಲ್ಲಿ ಕೂರೂದಿಲ್ಲ. ತಿರುವಿನಲ್ಲಿ ಜಾರಿದ್ರೆ ಜೀವ ಹೋಗೂದು ನಿಮ್ಮದು, ಹೆಸರು ಹೋಗೂದು ನನ್ನದು!"

"ಭಾಷಣ ಸಾಕು ಮಾರಾಯಾ. ಈ ಎತ್ತರ ಸರಿಯಾ, ಹೇಳು."

ಸರಿಯೆನ್ನಲು ಬಾಯಿ ತೆರೆದ ಮಾಸ್ತಿ ಕಾರಿನ ಮೂತಿಯನ್ನು ಎರಡೂ ಕೈಯಿಂದ ಒತ್ತಿದ. ಅದು ತಗ್ಗಲು ಸತಾಯಿಸಿತು. ಆಗ ಅವನಿಗೆ ತನ್ನ ಕೆಲಸ ನೆನಪಾಯಿತು. ಸ್ಪ್ರಿಂಗ್ ಹಾಕಿದ ದಿನ ಕಾರು ಜಾಕಿನ ಮೇಲಿರುವಾಗಲೇ, ಚಕ್ರ ಜೋತಾಡುತ್ತಿದ್ದಾಗಲೇ, ಚಕ್ರವನ್ನು ಹಿಡಿಯುವ ತೋಳುಗಳ ಬೋಲ್ಟ್ ತಾನೇ ಪೂರ್ತಿ ಬಿಗಿದಿದ್ದ. ತೋಳುಗಳ ಕೀಲಿನ ರಬ್ಬರ್ ಬುಷ್ಷುಗಳು ಅದೇ ಭಂಗಿಯಲ್ಲಿ ಸೆಟೆದು ಕಾರನ್ನು ಎತ್ತಿ ಹಿಡಿದಿದ್ದವು. ಇಪ್ಪತ್ತು ವರ್ಷ ಬೇರೆಯವರಿಗೆ ಬೈಯುತ್ತ ಬಂದಿದ್ದ ತಪ್ಪು ಅದು.

"ಜಟ್ಟಿ, ಪಾನಾ ಕೊಡು," ಎಂದ. "ದೇವಿದಾಸಣ್ಣ, ಒಳಗೆ ಕೂತ್ಕೊಳ್ಳಿ. ನಿಮ್ಮ ಭಾರ ಬೇಕು."

"ನನ್ನ ಭಾರಕ್ಕೂ ಕೆಲಸ ಸಿಕ್ತು!"

ಮಾಸ್ತಿ ಅಡಿಗೆ ನುಸುಳಿ, ಚಕ್ರ ನೆಲದ ಮೇಲಿರುವಂತೆಯೇ ಬೋಲ್ಟ್ ಸಡಿಲಿಸಿದ. ಜಟ್ಟಿ ಮೂತಿಯನ್ನು ನಾಲ್ಕು ಸಲ ಒತ್ತಿ ಬಿಟ್ಟ. ಕಾರು ಕಿರ್ರೆಂದು ಎರಡು ಬೆರಳು ಇಳಿದು ನಿಂತಿತು. ಮಾಸ್ತಿ ಮತ್ತೆ ಬಿಗಿದು, ಶರ್ಟಿನ ಧೂಳನ್ನೂ ಕೊಡವದೆ ಎದ್ದ.

"ಬೋಲ್ಟ್ ಬಿಗಿದಿದ್ದು ನನ್ನ ತಪ್ಪು. ಇಷ್ಟು ಜನರ ಎದುರೇ ಹೇಳ್ತೇನೆ. ಆದ್ರೆ ಸ್ಪ್ರಿಂಗ್ ಇದೇ. ಇನ್ನು ಇದಕ್ಕಿಂತ ತಗ್ಗೂದಿಲ್ಲ, ತಗ್ಗಬಾರದು."

"ಅಪ್ಪನ ಕಾಲದಲ್ಲಿ ಇನ್ನೂ ತಗ್ಗಿತ್ತಲ್ಲ."

"ಅಪ್ಪ ಹೊಸದಾಗಿ ತಂದ ದಿನ ಇಷ್ಟೇ ಎತ್ತರ ಇತ್ತು. ನೀವು ಆಗ ತೊಟ್ಟಿಲಲ್ಲಿ!"

ಈ ಸಲ ಜನ ನಕ್ಕದ್ದು ದೇವಿದಾಸರನ್ನು ನೋಡಿ. ಅವರು ಸ್ಟೀರಿಂಗ್ ಹಿಡಿದು ಕಾರು ಶುರು ಮಾಡಿದರು.

"ಜಟ್ಟಿ, ಗರಗಸದ ಬ್ಲೇಡು ಒಳಗಿಡು. ಮಾಸ್ತಿ, ಹತ್ತು. ಬಿಣಗಾಕ್ಕೆ ಬಿಡ್ತೇನೆ."

ಮಾಸ್ತಿ ಹತ್ತಿದ. ಜೀಪಿನ ಸ್ಪ್ರಿಂಗ್ ಅಂದದ್ದಕ್ಕೆ ಇವರ ಮೇಲಿದ್ದ ಸಿಟ್ಟಿಗಿಂತ ತನ್ನ ಕೈಯ ಮೇಲಿನ ಸಿಟ್ಟೇ ಈಗ ಹೆಚ್ಚಾಗಿತ್ತು.