ಕೊನೆಯವಳ ಸಾಲು

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಚರ್ಚಿನಲ್ಲಿ ಹಾಡಿನ ಪುಸ್ತಕವನ್ನು ತೆರೆದು ಹಿಡಿಯುತ್ತಿದ್ದಳು, ಅಷ್ಟೆ, ಕೆಲವೊಮ್ಮೆ ತಲೆಕೆಳಗಾಗಿ. ಹಾಡು ಮಾತ್ರ ಒಂದಕ್ಷರ ತಪ್ಪುತ್ತಿರಲಿಲ್ಲ.

ಅವಳದೇ ಒಂದು ಪ್ರಾರ್ಥನೆಯೂ ಇತ್ತು. ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಬಾಗಿಲ ಬಳಿ ಒಬ್ಬರ ಹಿಂದೊಬ್ಬರು ನಿಲ್ಲಬೇಕು. ದೊಡ್ಡವರಿಂದ ಶುರು. ತಲೆಯ ಮೇಲೆ ಕೈಯಿಟ್ಟು ಒಂದೊಂದು ಸಾಲು ಹೇಳುವಳು. ಮುಗಿದವರು ಹೊರಗೆ ಹೋಗಿ ಚಪ್ಪಲಿ ಮೆಟ್ಟಬೇಕು. ಹದಿನೈದು ದಾಟಿದವರಿಗೆಲ್ಲ ಸ್ವಂತ ಸಾಲು. ಒಮ್ಮೆ ಕೊಟ್ಟರೆ ಸಾಯುವವರೆಗೂ ಅದೇ.

ಇವತ್ತು ಅಜ್ಜಿಯ ಮಣ್ಣು, ಸಂಜೆ ನಾಲ್ಕು ಗಂಟೆಗೆ. "ಆ ಪ್ರಾರ್ಥನೆ ಬರೆದುಕೊಡಮ್ಮ, ಅದನ್ನೇ ಓದ್ತೀನಿ. ನಾನು ಹೇಳೋದಕ್ಕಿಂತ ಚೆನ್ನಾಗಿರುತ್ತೆ," ಎಂದು ಪಾದ್ರಿಗಳು ಮೊಮ್ಮಗಳಿಗೆ ಹೇಳಿದ್ದರು. ಅವಳು ಕೋರ್ಟಿನಲ್ಲಿ ಸ್ಟೆನೊ. ಯಾರೋ ಏನೋ ಗೊಣಗಿದ್ದನ್ನೂ ಬಿಡದೆ ಬರೆದುಕೊಳ್ಳುವವಳು. ಅಡುಗೆಮನೆಯ ಮೇಜಿಗೆ ಕೂತಳು. ಮನೆಗೆ ಕಿರಿಯವಳಾದ್ದರಿಂದ ಮುಂದೆ ನಿಂತವರದ್ದೆಲ್ಲ ಕೇಳಿ ಬಾಯಿಪಾಠವಾಗಿತ್ತು, ಪೆನ್ನು ಓಡಿತು.

"ನಂದು ಓದು ನೋಡೋಣ," ಎಂದ ಲಾರಿ ಓಡಿಸುವ ದೊಡ್ಡಪ್ಪ.

"'ದೇವರೇ, ಇವನಿಗೆ ಹಾರ್ನ್ ಜೋರು, ಬ್ರೇಕು ಕಮ್ಮಿ. ಸ್ಟೇರಿಂಗು ನೀನೇ ಹಿಡ್ಕೋ.'"

ದೊಡ್ಡಪ್ಪ ನಗಲು ಹೋಗಿ ಗೋಡೆಯ ಕಡೆ ತಿರುಗಿಕೊಂಡ.

"ನಿಮ್ಮಪ್ಪಂದು?" ಅಮ್ಮ ಕೇಳಿದಳು.

"'ಇವನು ಬಾಯಿಬಿಟ್ಟು ಕೇಳೋನಲ್ಲ. ಕೇಳದೇನೇ ಕೊಡು.'"

ಅಪ್ಪ ಸತ್ತು ಆರು ವರ್ಷ. ಆಮೇಲೂ ಅಜ್ಜಿ ಅವನ ಸರದಿ ಬಂದಾಗ ಖಾಲಿ ಜಾಗದ ಮೇಲೆ ಕೈಚಾಚಿ ಅದನ್ನು ಹೇಳುತ್ತಿದ್ದಳು.

ದೊಡ್ಡಮ್ಮನದು, ಅಮ್ಮನದು ಸೇರಿ ನಾಲ್ಕು ಸಾಲಾಯಿತು. ಐದನೆಯದು ತನ್ನದು. ಪೆನ್ನು ನಿಂತಿತು.

"ಅಮ್ಮಾ, ನಂದೇನಿತ್ತು?"

"ಅಷ್ಟೊತ್ತಿಗೆ ನಾವೆಲ್ಲ ಹೊರಗಿರ್ತಿದ್ವಲ್ಲೇ. ನಿನಗೇ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಹದಿನೈದರ ಹುಡುಗಿಗೆ ಬಾಚಿದ ಕೂದಲಿನದೇ ಚಿಂತೆ. "ಸಾಕು ಬಿಡಜ್ಜಿ, ಬಸ್ ಹೋಗುತ್ತೆ," ಎಂದು ಆ ಕೈಯಡಿಯಿಂದ ನುಸುಳಿ ಓಡುತ್ತಿದ್ದಳು. ಆ ಚಾಳಿ ಕೆಲಸಕ್ಕೆ ಸೇರಿದ ಮೇಲೂ ಹೋಗಲಿಲ್ಲ. ಅಜ್ಜಿಯೂ ಬಿಡಲಿಲ್ಲ, ಅವಳ ಬೆನ್ನಿಗೇ ಹೇಳಿ ಮುಗಿಸುತ್ತಿದ್ದಳು. 'ಈ ಕೊನೆಯವಳಿಗೆ' ಎಂಬುದು ಕಿವಿಗೆ ಬೀಳುವಾಗ ಇವಳು ಮೆಟ್ಟಿಲಿಳಿದಾಗಿರುತ್ತಿತ್ತು. ಈಗ ಎಷ್ಟು ಕೆದಕಿದರೂ ಅಷ್ಟೇ ಬಂತು.

"ಏನೋ ಒಂದು ಬರಿಯೇ," ಎಂದಳು ದೊಡ್ಡಮ್ಮ. "ಅತ್ತೆ ಎದ್ದು ಬಂದು ಜಗಳ ಆಡ್ತಾರಾ?"

"ಕೇಳದೇ ಇದ್ದದ್ದನ್ನ ಬರೆಯೋಕಾಗಲ್ಲ ದೊಡ್ಡಮ್ಮ."

ಮುಂದಿನ ಕೋಣೆಗೆ ಹೋಗಿ ಅಜ್ಜಿಯನ್ನು ಮಲಗಿಸಿದ್ದ ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು. ಕೂದಲಿನ ಕ್ಲಿಪ್ ತೆಗೆದು ತಲೆ ಬಗ್ಗಿಸಿದಳು. ಹೊರಗಿನಿಂದ ದೊಡ್ಡಪ್ಪ "ಹೊತ್ತಾಯ್ತು" ಎಂದು ಕರೆದ. ಅವಳು ಏಳಲಿಲ್ಲ. ಮತ್ತೆ ಕರೆದ. ಕೊನೆಗೆ ಅಮ್ಮ ಬಂದು ಎಬ್ಬಿಸಿದಳು.

ಸಮಾಧಿಯ ಹತ್ತಿರ ಪಾದ್ರಿಗಳು ನಾಲ್ಕು ಸಾಲು ಓದಿದರು. ಹಾಳೆಯ ಹಿಂಬದಿ ತಿರುಗಿಸಿ ನೋಡಿ, ಮಡಚಿದರು.

ಅವಳಿಗೆ ಹದಿನೈದು ದಾಟಿ ಹತ್ತು ವರ್ಷ, ಐನೂರ ಇಪ್ಪತ್ತು ಭಾನುವಾರ. ಒಬ್ಬ ಅಜ್ಜಿ, ಒಂದು ಸಾಲು.