ರಾಕ್ಷಸನ ಹೊಲದಾಗ ಕುರಿ

ಜತ್ತದ ಬಸ್ ಸ್ಟ್ಯಾಂಡ್ ಹಿಂದ ನನ್ನದೊಂದು ದುಕಾನ ಐತಿ. ಕುರಿ, ಆಡಿನ ಔಷಧ ಮಾರತೀನಿ. ನನ್ನ ನೋಡಾಕ ಬಂದ ವರಗೋಳೆಲ್ಲ ಚಾ ಕುಡದು, ಮೀಸಿ ಒರಸ್ಕೊಂಡು, ಒಂದ ಮಾತು ಅಂತಿದ್ರು: "ಲಗ್ನ ಆದಮ್ಯಾಲ ದುಕಾನ ಮುಚ್ಚಬೇಕಾಗತೈತಿ." ನನಗ ಸಿಟ್ಟು ಮೂಗಿನ ತುದಿ ಮ್ಯಾಲ. "ಹಂಗಾರ ಹೊಂಟ ಬಿಡ್ರಿ" ಅಂತಿದ್ದೆ. ಅಪ್ಪ ಭೀಮರಾಯ ಹಣಿ ಹಣಿ ಬಡಕೋತಿದ್ದ. "ನಂದಾ, ಈ ಸಲ ಬಾಯಿ ಬಿಟ್ಟಿ ಅಂದ್ರ ನೋಡು ಮತ್ತ" ಅಂತ ಮೊದಲ ಹೇಳಿಟ್ಟಿದ್ದ.

ಈ ಸಲ ಬಂದಾವ ನಮ್ಮ ತಾಲೂಕಿನ ಸೊರಡಿಯ ಗೊಲ್ಲಾಳಪ್ಪ. ಪುಣೆದಾಗ ಕಲ್ತು ಬಂದು, ಕಾಲೇಜಿನ ಲೈಬ್ರರಿ ನೋಡ್ಕೋತಾನ. ಅವನ ಸೋದರಮಾವ ಅಪ್ಪಾಸಾಬ ನಮ್ಮಪ್ಪನ ಜೋಡಿ ಹೊರಗ ಬೇವಿನ ಗಿಡದ ಕೆಳಗ ಕುಂತ. ಮನಿಯೊಳಗ ನಾವಿಬ್ಬರು, ಕಾವಲಿಗಿ ಅಪ್ಪನ ಅವ್ವ, ನಮ್ಮಾಯಿ ಕಾಳವ್ವ.

ಹುಡುಗ ಬೆವರು ಒರಸಿ ಒರಸಿ ಸಾಕಾಗಿ, ಕಡೀಕ ಕಿಸೆದಾಗಿಂದ ಇಪ್ಪತ್ತು ಮುಖದ್ದೊಂದು ದಾಳ ತಗದ. ಒಂದು ಮಡಚಿದ ಹಾಳಿನೂ ತಗದ.

"ಪುಣೆದಾಗ ದೋಸ್ತರ ಜೋಡಿ ಈ ಆಟ ಆಡತಿದ್ದೆರಿ. ನಾ ಕತಿ ಹೇಳತೀನಿ, ನೀವು ಕತಿಯೊಳಗಿನ ವೀರರು. ಏನು ಮಾಡತೀರಿ ಅಂತ ನೀವ ಹೇಳಬೇಕು. ಅದು ಆಗತೈತೋ ಇಲ್ಲೋ ದಾಳ ಹೇಳತೈತಿ. ಕತಿ ಇವತ್ತಿಗಂತ ಬರ್ದು ತಂದೀನಿ."

ಕನ್ಯಾ ನೋಡಾಕ ಬಂದಾವ ಕತಿ ಬರ್ದು ತಂದಾನ! ನಗಿ ಬಂತು. ಆದ್ರ ಖರೇ ಹೇಳತೀನಿ, ಕತಿ ಅನ್ನೂ ಮುಂದ ಅವನ ಮಾರಿ ಅರಳಿತ್ತು, ಅದು ನನಗ ಭಾಳ ಹಿಡಿಸ್ತು.

"ಗುಡ್ಡದಾಗ ಒಬ್ಬ ರಾಕ್ಷಸ ಅದಾನ. ಗವಿಯೊಳಗ ಅವನ ಬಂಗಾರ ಐತಿ. ಏನು ಮಾಡತೀರಿ?"

ಆಯಿ ಕೇಳಿದ್ಳು, "ಅವಗ ಹೊಲ ಐತೇನೋ ತಮ್ಮಾ?"

"ಹೊಲಾ? ಇರಬೇಕ್ರಿ."

"ಮತ್ತ ಗವಿ ಯಾಕ ಬೇಕು? ರಾತ್ರಿ ಅವನ ಹೊಲದಾಗ ನಮ್ಮ ಕುರಿ ಕುಂಡ್ರಸೂಣು, ಹಿಕ್ಕಿ ಹಾಕತಾವ. ಅವಗ ಗೊಬ್ಬರ ಆತು, ನಮಗ ಜ್ವಾಳ ಕೊಡತಾನ."

ಕುರಿ ಕಾಯೂ ನಮ್ಮ ಮಂದಿ ಅಜ್ಜ-ಮುತ್ಯಾನ ಕಾಲದಿಂದ ಬಾಳೇವು ಮಾಡಿದ್ದ ಹಂಗ. ಪಾಪ, ಗೊಲ್ಲಾಳಪ್ಪನ ಹಾಳಿಯೊಳಗ ಹೊಲಾನ ಇರಲಿಲ್ಲ.

"ನಡಕ ಹಳ್ಳ ತುಂಬಿ ಹರೀತೈತ್ರಿ, ದಾಟಾಕ ಬರಾಂಗಿಲ್ಲ," ಅಂದ.

"ನಮ್ಮ ಈ ಬರಗಾಲದ ಸೀಮಿಯಾಗ ಹಳ್ಳ ತುಂಬಿ ಹರಿಯೂದು! ನೀ ಸೊರಡಿಯಾವ ಹೌದಲ್ಲೋ?" ಅಂದ್ಳು ಆಯಿ.

"ಸುತ್ತ ಹಾಕಿ ಹೋಗತೀನಿ," ಅಂದೆ ನಾ.

"ಅಲ್ಲಿ ತೋಳ ಅದಾವ್ರಿ."

"ನಾಯಿ ಬಿಡತೀನಿ."

"ನಾಯಿಗಿ ಜಡ್ಡು ಬಂದೈತ್ರಿ."

ನನಗ ಮೈಯೆಲ್ಲ ಉರೀತು. ಔಷಧದ ದುಕಾನ ಇಟ್ಟಾಕಿ ನಾ ಕುಂತೀನಿ, ನನ್ನ ನಾಯಿಗಿ ಜಡ್ಡಂತ!

"ಗವಿ ಹಾದಿ ಒಂದ ಬಿಟ್ಟು ಎಲ್ಲಾ ಕಡಿ ಮುಳ್ಳ ಹಚ್ಚತೀರಿ, ಮ್ಯಾಲ 'ಏನು ಮಾಡತೀರಿ' ಅಂತ ಕೇಳತೀರಿ. ಕೇಳೂದರೆ ಯಾಕ? ಇಲ್ಲಿ ಬಂದಾವ್ರೆಲ್ಲ ಹಿಂಗ. ನಿನ್ನ ಮನಸಿನಾಗ ಏನೈತವಾ ಅಂತಾರ, ನಾ ಬಾಯಿ ತಗಿಯೂದ್ರೊಳಗ ದುಕಾನ ಮುಚ್ಚು ಅಂತಾರ!"

ಅವನ ಮಾರಿ ಸಣ್ಣದಾತು. ಎದ್ದು ಹೋಗತಾನ, ಅಪ್ಪ ನನ್ನ ಹುರದು ಮುಕ್ಕತಾನ ಅಂದ್ಕೊಂಡೆ. ಅಪ್ಪನ ಬೈಗುಳಕ್ಕಿಂತ, ಇಂವ ಹೋಗತಾನಲಾ ಅನ್ನೂದ ನನಗ ಹೆಚ್ಚು ಕಾಡ್ತು. ನನಗ ಅದ ಹೊಸಾದು.

ಗೊಲ್ಲಾಳಪ್ಪ ಏಳಲಿಲ್ಲ. ಹಾಳಿ ಮಡಚಿ ಚಾದ ಬಸಿ ಕೆಳಗ ಇಟ್ಟ.

"ಆತ್ರಿ. ಗವಿ ಹಾಳಾಗಿ ಹೋಗ್ಲಿ. ಕುರಿ ಹೊಲಕ್ಕ ಬಂದ್ವು. ರಾಕ್ಷಸ ಬಡಗಿ ಹಿಡಕೊಂಡು ಓಡಿ ಬಂದ. ಈಗ?"

ಆಯಿ ಸೆರಗು ಸೊಂಟಕ್ಕ ಸಿಗಿಸಿದ್ಳು. ರಾಕ್ಷಸ ಒದರಿದ್ರ ಆಯಿ ಇನ್ನೂ ಜೋರ ಒದರಿದ್ಳು. ಕಡೀಕ ಗೊತ್ತಾತು, ಅವನ ಆಡಿಗಿ ಕಾಲಾಗ ಹುಣ್ಣು ಬಿದ್ದು ನಡ್ಯಾಕ ಬರಾಂಗಿಲ್ಲ, ಅದಕ್ಕ ಆ ಸಿಟ್ಟು. ನಾ ಔಷಧ ಹಚ್ಚಿ ದಾಳ ಒಗದೆ. ಚಲೋ ಬಿತ್ತು. ಆಡು ಎದ್ದು ನಿಂತಿತು, ರಾಕ್ಷಸ ಗಳಗಳ ಅತ್ತು ಆಯಿ ಕಾಲಿಗಿ ಬಿದ್ದ. ಖರೇನ ಬಿದ್ದ, ಗೊಲ್ಲಾಳಪ್ಪ! ಬಂಗಾರದ ನೆನಪು ಯಾರಿಗೂ ಬರಲಿಲ್ಲ.

ನಗಿ ಕೇಳಿ ಅಪ್ಪಾಸಾಬ ಬಾಗಲಕ್ಕ ಬಂದ. ಹಿಂದ ನಮ್ಮಪ್ಪ.

"ಹುಡುಗಿ ಚಲೋ ಅದಾಳ," ಅಂದ ಮಾವ. "ಬರೇ ಆ ದುಕಾನೊಂದು ಮುಚ್ಚಬೇಕಾಗತೈತಿ, ನೋಡ್ರಿ."

ಅಪ್ಪ ನನಗ ಕಣ್ಣು ಕಿಸದ. ಇಷ್ಟು ಜನಕ್ಕ ಹೊಂಡ್ರಿ ಅಂದಾಕಿಗಿ ಇವತ್ತ ಆ ಮಾತು ಬ್ಯಾಡಾಗಿತ್ತು. ದುಕಾನ ಬಿಡಾಕ ಆಗವಲ್ದು, ಇಂವನ ಕಳಸಾಕ ಮನಸ ಬರವಲ್ದು.

ಗೊಲ್ಲಾಳಪ್ಪ ಮಾವನ ಕಡಿ ನೋಡಲಿಲ್ಲ, ನನ್ನ ಕಡಿ ನೋಡಿದ.

"ಮಾವ ಬಾಗಲದಾಗ ನಿಂತಾನ್ರಿ. ಈಗ ನೀವೇನು ಮಾಡತೀರಿ?"

ನನ್ನ ಕೈ ತಾನ ದಾಳದ ಕಡಿ ಹೋತು. ಅವ ಅದನ್ನ ಎತ್ತಿ ಕಿಸೆದಾಗ ಹಾಕ್ಕೊಂಡ.

"ಇದಕ್ಕ ದಾಳ ಬ್ಯಾಡ್ರಿ. ನೀವು ಹೇಳಿದ್ದ ಆಗತೈತಿ."

"ದುಕಾನ ಮುಚ್ಚಾಂಗಿಲ್ರಿ," ಅಂದೆ.

"ಮುಚ್ಚಾಂಗಿಲ್ಲಂತ, ಮಾವಾ," ಅಂತ ಅವ ಸರದು ಮಾವಗ ಕುಂದ್ರಾಕ ಜಾಗಾ ಮಾಡಿದ.

ಅಪ್ಪಾಸಾಬ ಮಾರಿ ಕೆಂಪ ಮಾಡ್ಕೊಂಡು ನಿಂತ. ಆಯಿ ಮತ್ತ ಸೆರಗು ಸಿಗಿಸಿದ್ಳು.

"ಬರ್ರಿ ಬೀಗರ, ಕುಂದ್ರಿ," ಅಂದ್ಳು. "ನಿಮಗ ಹೊಲ ಐತೇನ್ರಿ?"