ಪಲ್ಲಕ್ಕಿಗೆ ಕೊಟ್ಟ ಹೆಗಲು

"ಲೇ ನಯೀಮ, ಕೈ ತೊಳ್ಕೊಂಡು ಗ್ಲಾಸ್ ಮುಟ್ಟಪ್ಪ. ಹೆಣದ ಬೆರಳು ಸವರಿರೋ ಕೈ ಅದು."

ಹೇಳಿದವನು ಮಧುಸೂದನ್, ನಮ್ಮ ಪಕ್ಕದ ಬೀದಿಯಲ್ಲಿ ನೂಲು ಬಿಚ್ಚೋ ರೀಲಿಂಗ್ ಯೂನಿಟ್ಟಿನ ಓನರ್ರು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್ ಎದುರಿನ ಟೀ ಅಂಗಡಿ, ಬೆಳಿಗ್ಗೆ ಹೊತ್ತು. ಹರಾಜಿಗೆ ಮುಂಚೆ ಟೀ ಕುಡಿಯೋಕೆ ಬಂದಿದ್ದ ರೈತರು, ರೀಲರ್‌ಗಳು ಎಲ್ಲಾ ಸೇರಿ ಇಪ್ಪತ್ತು ಜನ ಇದ್ದರು. ಅರ್ಧ ಜನ ನಕ್ಕರು. ಮಿಕ್ಕವರು ನಗಲಿಲ್ಲ, ಆದರೆ ನನ್ನ ಕೈ ಕಡೆ ನೋಡಿದರು. ನಕ್ಕವರಿಗಿಂತ ಆ ನೋಡಿದವರ ಮೇಲೇ ನನಗೆ ಉರಿ ಹತ್ತಿದ್ದು.

"ಏನಂದೆ?" ಅಂದೆ.

"ನಾನೆಲ್ಲಪ್ಪ ಅಂದೆ, ಟೀವಿಯೋರು ಅಂತಾವ್ರೆ. ನೀನೇ ನೋಡು." ಫೋನ್ ತಿರುಗಿಸಿ ನನ್ನ ಮೂಗಿಗೆ ಹಿಡಿದ.

ಹದಿನೆಂಟು ಸೆಕೆಂಡಿನ ವಿಡಿಯೋ. ಮೊದಲು ನಲ್ಲಗುಟ್ಟದ ದೊರೆ ಅಂಗಳದಲ್ಲಿ ಹೂವಿನ ಮಧ್ಯೆ ಕೂತಿದ್ದಾರೆ, ಸತ್ತ ಮೇಲೆ ಕೂರಿಸಿರೋದು. ಬಲಗೈ ಬೆರಳಲ್ಲಿ ಹಸಿರು ಕಲ್ಲಿನ ಉಂಗುರ. ಆಮೇಲೆ ಜನರ ನಡುವಿನಿಂದ ನಾನು ನುಗ್ಗಿ ಪಲ್ಲಕ್ಕಿಗೆ ಹೆಗಲು ಕೊಡ್ತೀನಿ. ನನ್ನ ಮುಖದ ಸುತ್ತ ಕೆಂಪು ಸುತ್ತು. ಕೊನೆಗೆ ಅದೇ ಬಲಗೈ, ಬೆರಳು ಬರಿದು. ಕೆಳಗೆ ದಪ್ಪ ಅಕ್ಷರ: ಮಹಾರಾಜರ ಉಂಗುರ ಎಲ್ಲಿ? ಪಲ್ಲಕ್ಕಿಗೆ ನುಗ್ಗಿದ ಈ ಯುವಕ ಯಾರು?

ಯಾರು ಅಂದ್ರೆ? ನಾನು ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನು. ಸತ್ತಾರ್ ಭಾಯ್ ಯೂನಿಟ್ಟಿನಲ್ಲಿ ಒಂಬತ್ತು ವರ್ಷದಿಂದ ಕೆಲಸ. ಬಿಚ್ಚಿದ ನೂಲನ್ನ ಬ್ಯಾಗಿಗೆ ತುಂಬಿ, ಬೈಕಲ್ಲಿ ಕಟ್ಟಿ, ರೇಷ್ಮೆ ಎಕ್ಸ್‌ಚೇಂಜ್‌ಗೆ ತಲುಪಿಸೋದು ನಾನೇ. ಆ ನೂಲು ಕೂದಲಿಗಿಂತ ಸಣ್ಣದು. ದಾರೀಲಿ ಒಂದು ಹಿಡಿ ಎಳ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಶಿಡ್ಲಘಟ್ಟದಲ್ಲಿ ನೂಲನ್ನ ಎಲ್ಲರ ಕೈಗೂ ಕೊಡಲ್ಲ. ಒಂದು ಸಲ ಕೈ ಮೇಲೆ ಅನುಮಾನ ಬಂದ್ರೆ, ಆ ಕೈಗೆ ಈ ಊರಲ್ಲಿ ಬೇರೆ ಕೆಲಸ ಸಿಗಬಹುದು, ನೂಲಿನ ಕೆಲಸ ಸಿಗಲ್ಲ.

ಇನ್ನು ಆ ಮಹಾರಾಜರು. ಬದುಕಿದ್ದಾಗ ಅವರನ್ನ ಯಾವ ನನ್ಮಗನೂ ಮಹಾರಾಜ ಅಂದಿರಲಿಲ್ಲ. ಮಂಚೇನಹಳ್ಳಿ ಹತ್ತಿರದ ನಲ್ಲಗುಟ್ಟ, ಹಿಂದೆ ಯಾವತ್ತೋ ಪಾಳೇಗಾರರ ಊರು. ಈಗ ಉಳಿದಿರೋದು ಒಂದು ಬುರುಜು, ಒಂದು ಹಳೇ ಮನೆ, ನಾಲ್ಕು ಎಕರೆ ಹಿಪ್ಪುನೇರಳೆ. ತಿಮ್ಮರಾಜು ಅಂತ ಅವರ ಹೆಸರು. ತಿಂಗಳು ಎರಡು ತಿಂಗಳಿಗೊಂದು ಸಲ ತಾವೇ ಗೂಡು ತಂದು ಮಾರ್ಕೆಟ್ಟಲ್ಲಿ ಎಲ್ಲರ ಜೊತೆ ಚೀಟಿ ಹಿಡ್ಕೊಂಡು ನಿಲ್ತಿದ್ರು. ಬೆರಳಲ್ಲಿ ಆ ಉಂಗುರ, ಕಾಲಲ್ಲಿ ಹವಾಯಿ ಚಪ್ಪಲಿ. "ಏನಯ್ಯಾ ನಯೀಮು, ಗೂಡು ಗಟ್ಟಿ ಇದೆ ನೋಡು, ಅಲ್ಲಾಡಿಸಿ ನೋಡು" ಅಂತಿದ್ರು. ಅದೇ ಮಧುಸೂದನ್ ಅವರ ಗೂಡನ್ನ ತಿರುಗಿಸಿ ನೋಡಿ "ಯಜಮಾನ್ರೇ, ಬರೀ ಜಳ್ಳು" ಅಂದಿದ್ದನ್ನ ನಾನು ಈ ಕಿವಿಯಲ್ಲೇ ಕೇಳಿದೀನಿ.

ಸತ್ತ ದಿನ ಮಾತ್ರ ಎಲ್ಲರಿಗೂ ದೊರೆ ಆಗ್ಬಿಟ್ರು. ಮಂಚೇನಹಳ್ಳೀಲಿ ಅರ್ಧ ದಿನ ಅಂಗಡಿ ಮುಚ್ಚಿದರು. ಡ್ರೋನ್ ಹಾರಿಸಿದರು. ಜೆಸಿಬಿಯಿಂದ ಹೂವು ಸುರಿದರು. ಚಿಕ್ಕಬಳ್ಳಾಪುರದವರೆಗೂ ಫ್ಲೆಕ್ಸು, ಸತ್ತವರ ಫೋಟೋ ಸಣ್ಣದು, ಕಟ್ಟಿಸಿದವರ ಫೋಟೋ ದೊಡ್ಡದು. ವಾಟ್ಸಾಪ್ ಸ್ಟೇಟಸ್ಸಲ್ಲಿ ಮಧುಸೂದನ್ ಕೂಡ "ನಮ್ಮ ಹೆಮ್ಮೆಯ ಅರಸು" ಅಂತ ಹಾಕಿದ್ದ.

ಆವತ್ತು ನಾನು ಅಲ್ಲಿಗೆ ಬೇಕಂತ ಹೋದವನೇ ಅಲ್ಲ. ಯೂನಿಟ್ಟಿನ ಮೋಟರ್ ರಿಪೇರಿಗೆ ಗೌರಿಬಿದನೂರಿಗೆ ಕೊಟ್ಟಿದ್ದೆ, ತರೋಕೆ ಹೋಗಿ ವಾಪಸ್ ಬರ್ತಾ ಇದ್ದೆ. ರೋಡ್ ನಿಂತಿತ್ತು. ನಮ್ಮ ಅಬ್ಬ ಚಿಕ್ಕಂದಿನಿಂದ ಕಲಿಸಿದ್ದು ಒಂದೇ: ಮಯ್ಯತ್, ಅಂದ್ರೆ ಹೆಣ, ಎದುರು ಬಂದ್ರೆ ಗಾಡಿ ನಿಲ್ಲಿಸು, ಹತ್ತು ಹೆಜ್ಜೆನಾದ್ರೂ ಹೆಗಲು ಕೊಡು, ಯಾರದು ಅಂತ ಕೇಳಬೇಡ. ನಮ್ಮಲ್ಲಿ ಹೆಗಲು ಕೊಡೋಕೆ ಜನ ನೂಕಾಡ್ತಾರೆ, ಒಬ್ಬರ ಕೈಯಿಂದ ಒಬ್ಬರು ಕೇಳಿ ಇಸ್ಕೊಳ್ತಾರೆ. ಇಲ್ಲಿ ನೋಡಿದ್ರೆ ಪಲ್ಲಕ್ಕಿಯ ಹಿಂದಿನ ಕೊಂಬಿಗೆ ಒಬ್ಬ ಮುದುಕ ಹೆಗಲು ಕೊಟ್ಟಿದ್ದ, ಕೋನಪ್ಪ ಅಂತ, ದೊರೆಮನೆಯ ಹಳೇ ಆಳು. ಗುಡ್ಡದ ಏರು, ಕಲ್ಲು ದಾರಿ. ಅವನ ಮೊಣಕಾಲು ನಡುಗ್ತಾ ಇತ್ತು. ಸುತ್ತ ಇನ್ನೂರು ಜನ ಇದ್ದರು, ಇನ್ನೂರೂ ಜನದ ಕೈಯಲ್ಲಿ ಫೋನು. ನಾನು ಬೈಕ್ ಬಿಟ್ಟು ಓಡಿ ಹೋಗಿ ಕೊಂಬಿನ ಕೆಳಗೆ ಹೆಗಲು ತೂರಿಸಿದೆ. ಕೋನಪ್ಪ ಮೆಲ್ಲಗೆ "ಹಿಡ್ಕೋ ನಾಯ್ನಾ, ಬಿಡಬೇಡ" ಅಂದ. ಮೂವತ್ತು ಹೆಜ್ಜೆ ಹೊತ್ತಿರಬೇಕು. ಅಷ್ಟರಲ್ಲಿ ಯಾರೋ ಬಿಳಿ ಷರಟಿನವನು "ಯಾರೋ ಇವನು, ಎಳೀರೋ ಆಚೆ" ಅಂತ ನನ್ನ ಕಾಲರ್ ಹಿಡಿದು ಎಳೆದ. ಸರಿ ಅಂತ ಬೈಕ್ ಹತ್ತಿ ಬಂದೆ.

ಅಷ್ಟೇ ನಡೆದದ್ದು. ಆ ಉಂಗುರದ ಕಡೆ ನಾನು ತಲೆ ಎತ್ತಿ ಕೂಡ ನೋಡಲಿಲ್ಲ. ಕೊಂಬು ಹೊತ್ತವನಿಗೆ ಮುಂದಿನವನ ಬೆನ್ನು ಬಿಟ್ಟು ಇನ್ನೇನು ಕಾಣತ್ತೆ?

ಟೀ ಕುಡಿಯದೆ ಯೂನಿಟ್ಟಿಗೆ ಬಂದೆ. ಸತ್ತಾರ್ ಭಾಯ್ ಬಾಗಿಲಲ್ಲೇ ಕೂತಿದ್ದರು. ಅವರೂ ನೋಡಿದ್ದರು, ಕಣ್ಣಲ್ಲೇ ಗೊತ್ತಾಯಿತು.

"ಬೇಟಾ, ನೀನು ಅಂಥವನಲ್ಲ ಅಂತ ನನಗೆ ಗೊತ್ತು."

"ಗೊತ್ತಿದ್ರೆ ಸಾಕು ಭಾಯ್."

"ಆದ್ರೂ ನಾಲ್ಕು ದಿನ ನೂಲು ಮಜರ್ ತಗೊಂಡು ಹೋಗ್ಲಿ. ಎಕ್ಸ್‌ಚೇಂಜಲ್ಲಿ ಜನ ಒಂದೊಂದು ಮಾತಾಡ್ತಾರೆ."

ಒಂಬತ್ತು ವರ್ಷ. ನನ್ನ ಬ್ಯಾಗ್ ಆಗಲೇ ನನ್ನ ಜೊತೆ ಕೆಲಸ ಮಾಡೋ ಮಜರ್ ಬೈಕಿಗೆ ಕಟ್ಟಿತ್ತು. ಅವನು ನನ್ನ ಮುಖ ನೋಡದೆ ಹೊರಟ. ಈ ಮಜರ್ರೇ ನನ್ನ ಗುರುತು ಹೇಳಿದ್ದಾ ಅಂತ ಒಂದು ಕ್ಷಣ ಅನ್ನಿಸಿತು. ಆವತ್ತು ಯಾರನ್ನ ನೋಡಿದ್ರೂ ಹಾಗೇ ಅನ್ನಿಸ್ತಿತ್ತು.

ಜಗನ್‌ಗೆ ಫೋನ್ ಮಾಡಿದೆ. ಅವನು ಸ್ಕೂಲಲ್ಲಿ ನನ್ನ ಬೆಂಚು, ಈಗ ಅವನದೊಂದು ಯೂಟ್ಯೂಬ್ ಚಾನೆಲ್. ಆವತ್ತು ಪಲ್ಲಕ್ಕಿ ಪಕ್ಕದಲ್ಲೇ ಕೋಲಿಗೆ ಫೋನ್ ಸಿಗಿಸಿ ನಡೀತಾ ಇದ್ದ, ನಾನೇ ನೋಡಿದ್ದೆ.

"ಮಗಾ, ಅದು ನಾನಲ್ಲ," ಅಂದ, ನಾನು ಕೇಳೋಕೆ ಮುಂಚೆ. "ಬೆಂಗಳೂರಿನ ಚಾನೆಲ್‌ನೋರು ಕೇಳಿದ್ರು, ಕಳಿಸಿದೆ. ಕಟ್ ಮಾಡಿ ಅಂಟಿಸಿದ್ದು ಅವರು."

"ನಿನ್ ಹತ್ರ ಪೂರ್ತಿ ಇದೆಯಲ್ಲ. ಅದನ್ನ ಹಾಕು. ಮುದುಕನ ಕಾಲು ನಡುಗಿದ್ದು, ಅವನು ಹಿಡ್ಕೋ ಅಂದಿದ್ದು, ಎಲ್ಲಾ ಇರತ್ತೆ."

"ಮೆಮೊರಿ ಫುಲ್ ಆಗಿತ್ತು ಕಣೋ. ಡಿಲೀಟ್ ಮಾಡ್ಬಿಟ್ಟೆ."

"ದೊರೆ ಸತ್ತ ವಿಡಿಯೋನ ಡಿಲೀಟ್ ಮಾಡ್ದ್ಯಾ?"

"ಒಂದ್ ಕೆಲ್ಸ ಮಾಡು, ನೀನೇ ಒಂದು ಬೈಟ್ ಕೊಡು. ನಾನ್ ಕದ್ದಿಲ್ಲ ಅಂತ ಹೇಳು, ಸ್ವಲ್ಪ ಅಳು. ಓಡತ್ತೆ."

ಕಟ್ ಮಾಡಿದೆ. ಆ ವಿಡಿಯೋ ಕೆಳಗಿನ ಕಾಮೆಂಟುಗಳನ್ನ ಓದಬಾರದಿತ್ತು, ಓದಿದೆ. ನಿನ್ನೆ "ಓಂ ಶಾಂತಿ" ಅಂತ ಕೈ ಮುಗಿದ ಹೆಸರುಗಳೇ ಇವತ್ತು ನನ್ನ ಕೈ ಕಡೀಬೇಕು ಅಂತ ಬರೆದಿದ್ವು. ಒಬ್ಬ ನನ್ನ ಜಾತಿ ಹುಡುಕ್ತಿದ್ದ, ಇನ್ನೊಬ್ಬ ನಮ್ಮ ಮನೆ ಬೀದಿ. ದೊರೆಯ ಮಗಳು ಶ್ರೀವಿದ್ಯಾ, ಚಿಂತಾಮಣಿಯಲ್ಲಿ ಕಾಲೇಜ್ ಲೆಕ್ಚರರ್, ಮೈಕಿನ ಮುಂದೆ ಹೇಳಿದ್ದರು: "ಅಪ್ಪನ ಕೊನೇ ಗುರುತು ಅದು. ಕದ್ದವರನ್ನ ಬಿಡಲ್ಲ."

ನಲ್ಲಗುಟ್ಟಕ್ಕೆ ಬೈಕ್ ಓಡಿಸಿದೆ. ಕೋನಪ್ಪ ಜಗಲಿ ಮೇಲೆ ಕೂತಿದ್ದ. ನನ್ನ ನೋಡಿ ಒಳಗೆ ಹೋಗೋಕೆ ಎದ್ದ.

"ಕೂತ್ಕೊ ಕೋನಪ್ಪಣ್ಣ. ಟೀವಿಯೋರಿಗೆ ಏನ್ ಹೇಳ್ದೆ?"

"ಯಾರೋ ನುಗ್ಗಿದ ಅಂದೆ."

"ಯಾರೋನಾ? ಹಿಡ್ಕೋ ನಾಯ್ನಾ ಅಂದಿದ್ದು ಯಾರು, ನಿಮ್ಮ ದೊರೇನಾ?"

ಮುದುಕ ಟವಲ್ ತೆಗೆದು ಹೆಗಲು ತೋರಿಸಿದ. ಕೊಂಬು ಕೂತ ಜಾಗ ನೀಲಿಗಟ್ಟಿತ್ತು. "ಪಲ್ಲಕ್ಕಿ ಮುಟ್ಟೋ ಹಕ್ಕು ಈ ಊರಲ್ಲಿ ನಾಲ್ಕೇ ಮನೆಗೆ ಕಣಪ್ಪ. ನಮ್ಮ ತಾತ ಹೊತ್ತ, ನಮ್ಮಪ್ಪ ಹೊತ್ತ. ದಾರಿ ಮಧ್ಯೆ ಕೋನಪ್ಪನ ಹೆಗಲು ಸೋತೋಯ್ತು, ಅವನೇ ಬೇರೆಯವನಿಗೆ ಹಿಡ್ಕೋ ಅಂದ ಅಂತ ಗೊತ್ತಾದ್ರೆ ನಮ್ಮ ಮನೆಗೆ ಆ ಹಕ್ಕು ಹೋಯ್ತು."

"ನಿನ್ನ ಹಕ್ಕು ಉಳಿಸ್ಕೊಳ್ಳೋಕೆ ನಾನ್ ಉಂಗುರದ ಕಳ್ಳ ಆಗ್ಬೇಕಾ?"

ಕೈ ಎತ್ತಿಬಿಡ್ತಿದ್ದೆನೇನೋ. ಒಳಗಿಂದ ಅವನ ಹೆಂಡತಿ ಗಂಗುಲಮ್ಮ ಮಜ್ಜಿಗೆ ಲೋಟ ಹಿಡ್ಕೊಂಡು ಬಂದಳು. "ಏಮಪ್ಪಾ, ಯಾಕಿಂಗೆ ಕೂಗ್ತೀಯ? ಯಾವ ಉಂಗುರ? ಹಸಿರು ಕಲ್ಲಿಂದಾ?"

"ಅದೇ ಅವ್ವ."

"ಅದನ್ನ ನಾನೇ ತೆಗೆದಿಟ್ಟಿದೀನಲ್ಲ!"

ಮಜ್ಜಿಗೆ ಲೋಟ ನನ್ನ ಕೈಗಿಟ್ಟು ಅವಳು ಏನೂ ಆಗಿಲ್ಲ ಅನ್ನೋ ಹಾಗೆ ಹೇಳಿದಳು. ದೊರೆಮನೆಯಲ್ಲಿ ಮೈಮೇಲೆ ಚಿನ್ನ ಇಟ್ಟು ಕಳಿಸೋ ಹಾಗಿಲ್ಲ. ಅಂಗಳದಲ್ಲಿ ಎಲ್ಲರೂ ಫೋಟೋ ಹಿಡಿದ ಮೇಲೆ, ಪಲ್ಲಕ್ಕಿ ಎತ್ತೋಕೆ ಮುಂಚೆ, ಸೆರಗು ಅಡ್ಡ ಹಿಡಿದು ಉಂಗುರ ಕಳಚಿ, ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ದೀಪದ ಗೂಡಲ್ಲಿ ಇಡಬೇಕು. ಮೂರನೇ ದಿನ ಹಾಲು-ತುಪ್ಪ ಆದಮೇಲೆ ಹಾಲಲ್ಲಿ ತೊಳೆದು ಮಕ್ಕಳ ಕೈಗೆ ಕೊಡಬೇಕು. ಅಲ್ಲಿವರೆಗೂ ಅದರ ಮಾತು ಎತ್ತಬಾರದು.

"ದೊಡ್ಡಮ್ಮೋರು ಹೋದಾಗ್ಲೂ ನಾನೇ ಮಾಡಿದ್ದು. ಗಂಡಸರಿಗೆ ಇದೆಲ್ಲ ಏನ್ ಗೊತ್ತು? ದೊರೆ ಮಗಳು ಚಿಕ್ಕಮ್ಮೋರಿಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ."

"ಟೀವಿ ನೋಡಲ್ವಾ ಅವ್ವ ನೀನು?"

"ನಮ್ಮನೇಲಿ ಟೀವಿ ಎಲ್ಲೈತಪ್ಪ?" ಆಮೇಲೆ ನನ್ನ ಮುಖ ನೋಡಿ ಸೆರಗು ಬಿಗಿದಳು. "ನಡಿ, ಈಗ್ಲೇ ಹೋಗಣ. ಶಾಸ್ತ್ರಕ್ಕೆ ಒಂದು ದಿನ ತಪ್ಪಾದ್ರೆ ಆಗ್ಲಿ."

ದೊರೆಮನೆಯ ಹಿಂದಿನ ಕೋಣೆಯಲ್ಲಿ ಶ್ರೀವಿದ್ಯಾ ಮೇಡಂ ಮುಂದೆ ಗಂಗುಲಮ್ಮ ಆ ಗಂಟು ಬಿಚ್ಚಿದಳು. ಹಸಿರು ಕಲ್ಲು. ಮೇಡಂ ಅಲ್ಲೇ ಮಂಚದ ಮೇಲೆ ಕುಸಿದರು, ಉಂಗುರವನ್ನ ಎದೆಗೆ ಒತ್ತಿಕೊಂಡು ಅತ್ತರು. ನಿಜವಾದ ಅಳು, ಅದರಲ್ಲಿ ನನಗೆ ಅನುಮಾನ ಇಲ್ಲ. ಕಣ್ಣು ಒರೆಸಿಕೊಂಡ ಮೇಲೆ ನನ್ನ ಕಡೆ ತಿರುಗಿ ಕೇಳಿದ ಮೊದಲ ಮಾತು: "ನೀವು ಇದನ್ನ ರೆಕಾರ್ಡ್ ಮಾಡ್ತಿಲ್ಲ ತಾನೇ?"

ಫೋನ್ ತೆಗೆದು ಮಂಚದ ಮೇಲೆ ಇಟ್ಟೆ. "ಇಲ್ಲ ಮೇಡಂ. ನೀವೇ ಒಂದು ನಿಮಿಷ ಮಾತಾಡಿ. ಉಂಗುರ ಮನೇಲೇ ಇತ್ತು, ಆ ಹುಡುಗ ಮುಟ್ಟಿಲ್ಲ ಅಂತ. ಅಷ್ಟು ಸಾಕು."

"ನಾಳೆ ಹಾಲು-ತುಪ್ಪ. ಪ್ರೆಸ್‌ನೋರು ಬರ್ತಾರೆ. ಸರಿಯಾಗಿ ಹೇಳ್ತೀನಿ."

"ಇವತ್ತೇ ಆದ್ರೆ?"

"ನನ್ನ ಮೇಲೆ ನಂಬಿಕೆ ಇಲ್ವಾ ನಿಮಗೆ?"

ಇರಲಿಲ್ಲ. ಆದರೂ ತಲೆ ಆಡಿಸಿ ಬಂದೆ. ಟೀವಿಯಲ್ಲಿ ಕಳ್ಳ ಕಳ್ಳ ಅಂದವರು, ಉಂಗುರ ತಮ್ಮ ಮನೆ ದೀಪದ ಗೂಡಲ್ಲೇ ಇತ್ತು ಅಂತ ಹೇಗೆ ಹೇಳ್ತಾರೆ? ಹೇಳಬೇಕು ಅಂತ ಇದ್ರೆ ಅಲ್ಲೇ ಹೇಳ್ತಿರಲಿಲ್ವಾ? ಮನೆಗೆ ಬಂದು ಅಮ್ಮಿಗೆ ಮಾತ್ರ "ನಾಳೆ ಎಲ್ಲಾ ಸರಿಹೋಗತ್ತೆ" ಅಂದೆ. ಅಮ್ಮಿ ನನ್ನ ಬಿಳಿ ಷರಟಿಗೆ ಇಸ್ತ್ರಿ ಹಾಕಿದಳು.

ಮಾರನೇ ದಿನ ಹತ್ತು ಗಂಟೆಗೆ ನಲ್ಲಗುಟ್ಟದ ಅಂಗಳ. ಜೆಸಿಬಿ ಇರಲಿಲ್ಲ, ಡ್ರೋನ್ ಇರಲಿಲ್ಲ, ಆರೇಳು ಕ್ಯಾಮೆರಾ ಇದ್ದವು. ದೊರೆ ಹೋದ ಸುದ್ದಿ ಹಳೇದಾಗಿತ್ತು, ಅವರು ಬಂದಿದ್ದು ಉಂಗುರಕ್ಕೆ. ಶ್ರೀವಿದ್ಯಾ ಮೇಡಂ ಜಗಲಿ ಮೇಲೆ ನಿಂತು ಬೆರಳು ಎತ್ತಿ ತೋರಿಸಿದರು. ಫ್ಲ್ಯಾಷ್‌ಗಳು ಮಿಂಚಿದವು. ಕೈಯಲ್ಲಿದ್ದ ಕಾಗದ ನೋಡಿ ಓದಿದರು:

"ಅಪ್ಪಾಜಿಯವರ ಉಂಗುರ ನಮಗೆ ವಾಪಸ್ ಸಿಕ್ಕಿದೆ. ಅಪ್ಪಾಜಿ ಯಾರಿಗೂ ಕೇಡು ಬಯಸಿದವರಲ್ಲ. ಅವರ ದಾರಿಯಲ್ಲೇ ನಡೆದು, ಈ ವಿಷಯದಲ್ಲಿ ಯಾರಿಂದ ಏನೇ ತಪ್ಪಾಗಿದ್ದರೂ ನಾವು ಕ್ಷಮಿಸಿದ್ದೇವೆ. ದೂರು ಕೊಡುವುದಿಲ್ಲ. ಆ ಯುವಕನಿಗೂ ಯಾರೂ ತೊಂದರೆ ಕೊಡಬಾರದು ಅಂತ ವಿನಂತಿ."

ಜನ ಚಪ್ಪಾಳೆ ತಟ್ಟಿದರು. "ದೊರೆಮನೆ ಅಂದ್ರೆ ದೊರೆಮನೆ ಕಣಯ್ಯ" ಅಂತ ನನ್ನ ಪಕ್ಕದವನು ಕಣ್ಣೊರೆಸಿಕೊಂಡ.

ಕಂಬದ ಹಿಂದಿನಿಂದ ಗಂಗುಲಮ್ಮ "ಅಯ್ಯೋ, ಅದನ್ನ ನಾನ್ ಇಟ್ಟಿದ್ದು ಕಣಮ್ಮ, ಹೇಳಿದೆನಲ್ಲ ನಿಮಗೆ" ಅಂದಳು. ಜೋರಾಗೇ ಅಂದಳು. ಒಂದು ಮೈಕೂ ಆ ಕಡೆ ತಿರುಗಲಿಲ್ಲ. ಕೋನಪ್ಪ ಅವಳ ರಟ್ಟೆ ಹಿಡಿದು ಒಳಗೆ ಕರ್ಕೊಂಡು ಹೋದ. ಬಾಗಿಲಲ್ಲಿ ಒಂದು ಸಲ ತಿರುಗಿ ನನ್ನ ನೋಡಿದ, ಆಮೇಲೆ ನೋಡಲಿಲ್ಲ. ಮೇಡಂ ಕಾಗದವನ್ನ ನಾಲ್ಕು ಮಡಿಕೆ ಮಡಚಿ ಮುಷ್ಟಿಯಲ್ಲಿ ಹಿಡಿದಿದ್ದರು.

ನನ್ನ ಗುರುತು ಹಿಡಿದವನು ಜಗನ್. "ಇಲ್ಲೇ ಇದಾನೆ, ಇವನೇ!" ಅಂದ. ಎಲ್ಲಾ ಕ್ಯಾಮೆರಾ ತಿರುಗಿದವು. ಮೈಕ್ ನನ್ನ ಗಲ್ಲಕ್ಕೆ ತಾಗಿತು.

"ನಯೀಮ್ ಅವರೇ," ಅಂದ. ಹದಿನೈದು ವರ್ಷದಲ್ಲಿ ಮೊದಲ ಸಲ ಅವರೇ ಅಂದಿದ್ದು. "ದೊರೆಮನೆಯವರು ನಿಮ್ಮನ್ನ ಕ್ಷಮಿಸಿದಾರೆ. ನಾಡಿನ ಜನ ಕೇಳ್ತಾ ಇದಾರೆ, ಉಂಗುರ ವಾಪಸ್ ಕೊಡಬೇಕು ಅಂತ ಯಾಕ್ ಅನ್ನಿಸ್ತು?"

ಯಾಕೆ ಅಂತ ಹೇಳಿದ್ರೆ ನಾನು ಕಳ್ಳ. ಕದ್ದೇ ಇಲ್ಲ ಅಂದ್ರೆ ಕ್ಷಮಿಸಿದರೂ ಬುದ್ಧಿ ಬರದ ಕಳ್ಳ. ಗಂಗುಲಮ್ಮನ ಹೆಸರು ಹೇಳಿದ್ರೆ ನಾಳೆ ಕೆಂಪು ಸುತ್ತು ಆ ಮುದುಕಿಯ ಮುಖಕ್ಕೆ ಬೀಳತ್ತೆ. ಏನು ಹೇಳಿದ್ರೂ ಅದರಲ್ಲಿ ತಮಗೆ ಬೇಕಾದ ಹದಿನೆಂಟು ಸೆಕೆಂಡ್ ಕತ್ತರಿಸ್ಕೊಳ್ಳೋಕೆ ಇವರು ಬಂದಿರೋದು. ಆ ಮನೆಯವರು ಕೊಟ್ಟ ಕ್ಷಮೆ ತಗೊಂಡು ನಾನು ಶಿಡ್ಲಘಟ್ಟದಲ್ಲಿ ಯಾರ ಹತ್ತಿರ ನೂಲು ಕೇಳಲಿ?

"ಹೇಳಿ ನಯೀಮ್ ಅವರೇ. ಪಶ್ಚಾತ್ತಾಪ ಆಗಿದೆಯಾ?" ಆಮೇಲೆ ಮೈಕನ್ನ ಒಂದು ಗೇಣು ಕೆಳಗಿಳಿಸಿ, ಮೆಲ್ಲಗೆ, ಬೆಂಚಿನ ಜಗನ್ ಆಗಿ: "ಏನಾದ್ರೂ ಅನ್ನು ಮಗಾ. ಸುಮ್ನಿದ್ರೆ ಇನ್ನೂ ಕೆಟ್ಟದಾಗಿ ಕಾಣತ್ತೆ."

ನಾನು ಅವನ ಮೈಕನ್ನ ಅಂಗೈಯಿಂದ ಪಕ್ಕಕ್ಕೆ ಸರಿಸಿದೆ. ಜನ ದಾರಿ ಬಿಟ್ಟರು, ಕೆಲವರು ಜೇಬು ಮುಟ್ಟಿ ನೋಡಿಕೊಂಡರು. ಅಂಗಳ ದಾಟಿ ರಸ್ತೆಗೆ ಇಳಿದೆ. ಹಿಂದೆ ಜಗನ್ ಓಡಿ ಬರೋ ಸದ್ದು, "ಒಂದೇ ಮಾತು, ಒಂದೇ ಮಾತು" ಅನ್ನೋದು ಕೇಳ್ತಾ ಇತ್ತು. ನಾನು ನಡೀತಾ ಹೋದೆ.